ತಮ್ಮನ ಹೆಸರಿನ ಚೀಟಿಗಳು

ಸೈನ್ಯದ ದಾಖಲೆ ಕಚೇರಿಯಿಂದ ಬಂದಿದ್ದ ಆ ಪತ್ರವನ್ನು ನಾನು ಮೂರು ಸಲ ಓದಿದೆ. ಅರ್ಥವಾಗದೆ ಅಲ್ಲ, ಎದುರಿಗೆ ಕುಳಿತಿದ್ದ ಗಂಡ ಹೆಂಡತಿಗೆ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ. ಇಬ್ಬರೂ ಲಕ್ಷ್ಮೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಆತ ಸೈನ್ಯದಲ್ಲಿ ಡ್ರೈವರ್ ಆಗಿದ್ದವನು, ಈಗ ಅಪ್ಪನ ಕಾಲದ ಕಲಾಯಿ ಕೆಲಸಕ್ಕೆ ಮರಳಿದ್ದ. ಬೆಂಕಿಯ ಮುಂದೆ ಕೂಡ್ರುವುದು ತನಗೆ ಅಪಾಯವೆಂದು ಗೊತ್ತಿದ್ದೂ ಪಾತ್ರೆಗೆ ತವರ ಬಳಿಯುತ್ತಿದ್ದ.

ಆಗ ಗದಗ ಜಿಲ್ಲೆ ಹೊಸದು. ಬೆಟಗೇರಿಯ ಮಗ್ಗದ ಓಣಿಯೊಂದರಲ್ಲಿ ನಾವು ಕೆಲವು ಮಾಜಿ ಸೈನಿಕರು ಸಂಘ ಕಟ್ಟಿಕೊಂಡು ಒಂದು ಕೋಣೆ ಹಿಡಿದಿದ್ದೆವು. ಪಲ್ಟಣದಲ್ಲಿ ಇಪ್ಪತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ಬಂದವನು ನಾನೊಬ್ಬನೇ ಆದ್ದರಿಂದ ಅರ್ಜಿ ಬರೆಯುವುದು, ಟೈಪು ಹೊಡೆಯುವುದು, ಇಂಗ್ಲಿಷ್ ಪತ್ರ ಓದಿ ಹೇಳುವುದು ಎಲ್ಲ ನನ್ನ ತಲೆಗೇ ಕಟ್ಟಿತ್ತು. ನನಗೂ ಅದು ಬೇಕಾಗಿತ್ತೆನ್ನಿ. ನಮ್ಮೂರು ಕುರ್ತಕೋಟಿಯ ಹೊಲವನ್ನು ನನ್ನ ಅಣ್ಣ ನೋಡಿಕೊಳ್ಳುತ್ತಿದ್ದ. ನನಗೆ ಎರೆಮಣ್ಣಿಗಿಂತ ಕಾಗದದ ಮೇಲೆ ನಂಬಿಕೆ ಹೆಚ್ಚು. ಸರಿಯಾದ ಕಾಗದವೊಂದು ಸರಿಯಾದ ಮೇಜಿಗೆ ಹೋದರೆ ಆಗದ ಕೆಲಸವಿಲ್ಲ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ.

ಪತ್ರದಲ್ಲಿ ಇದ್ದದ್ದು ಇಷ್ಟು: ನಿಮಗಿರುವ ಮೂರ್ಛೆರೋಗ ದೇಹಪ್ರಕೃತಿಯದು, ವಂಶದಿಂದ ಬಂದಿರಬಹುದಾದದ್ದು, ಸೈನ್ಯದ ಸೇವೆಗೂ ಅದಕ್ಕೂ ಸಂಬಂಧವಿಲ್ಲ. ಬಿಡುಗಡೆಯಾದ ಮೇಲೆ ರೋಗ ಮುಂದುವರಿದಿದೆ ಎನ್ನುವುದಕ್ಕೂ ದಾಖಲೆ ಇಲ್ಲ. ಇದ್ದರೆ ಆರು ತಿಂಗಳೊಳಗೆ ಕಳುಹಿಸಿ, ವೈದ್ಯಕೀಯ ಮಂಡಳಿ ಮತ್ತೊಮ್ಮೆ ನೋಡುತ್ತದೆ. ಆರರಲ್ಲಿ ಎರಡು ತಿಂಗಳು ಆ ಪತ್ರ ಅವರ ಮನೆಯ ಗಡಿಯಾರದ ಹಿಂದೆಯೇ ಕಳೆದಿತ್ತು. ಮೇಲೆ ಸಿಂಹದ ಮುದ್ರೆ ಇದ್ದುದರಿಂದ ಪಿಂಚಣಿ ಮಂಜೂರಾಗಿದೆ ಎಂದೇ ತಿಳಿದಿದ್ದರಂತೆ.

ನಾನು ವಿಷಯ ಹೇಳಿದಾಗ ಆತ ಪತ್ರ ವಾಪಸು ಕೇಳಿ ಏಳಲು ನೋಡಿದ. ಹೆಂಡತಿ ಮಾತ್ರ, ಇವರ ವಂಶದಲ್ಲಿ ಏಳು ತಲೆ ಹುಡುಕಿದರೂ ಈ ಬೇನೆ ಯಾರಿಗೂ ಇಲ್ಲ ಎಂದಳು. ಸಿಕ್ಕಿಂ ಕಡೆಯ ಗುಡ್ಡದ ರಸ್ತೆಯಲ್ಲಿ ಆತ ಓಡಿಸುತ್ತಿದ್ದ ಲಾರಿ ಉರುಳಿ ತಲೆಗೆ ಪೆಟ್ಟು ಬಿದ್ದಿತ್ತು. ಎರಡು ದಿನ ಪ್ರಜ್ಞೆ ಇರಲಿಲ್ಲ. ಫಿಟ್ಸ್ ಬರತೊಡಗಿದ್ದು ಅದಾದ ಎರಡು ವರ್ಷಕ್ಕೆ. ಆ ಎರಡು ವರ್ಷದ ಅಂತರವೇ ಕಾಗದದವರಿಗೆ ಸಾಕಾಗಿತ್ತು; ಪೆಟ್ಟು ಬೇರೆ, ರೋಗ ಬೇರೆ ಎಂದು ಬರೆದು ಮನೆಗೆ ಕಳಿಸಿದ್ದರು. ಕೇಳಿದ ಕಡೆಯಲ್ಲೆಲ್ಲ ರುಜು ಹಾಕಿ, ಊರು ಸೇರಿದರೆ ಸಾಕೆಂದು ಈತನೂ ಬಂದಿದ್ದ.

ಕೆಲಸವನ್ನು ನಾನು ಎರಡು ಭಾಗ ಮಾಡಿಕೊಂಡೆ. ಒಂದು, ಅಪಘಾತ ಕರ್ತವ್ಯದ ಮೇಲೆ ಇದ್ದಾಗಲೇ ಆಯಿತೆನ್ನುವ ಕಾಗದ. ಎರಡು, ಊರಿಗೆ ಬಂದ ಮೇಲೆ ಹನ್ನೊಂದು ವರ್ಷ ಚಿಕಿತ್ಸೆ ನಡೆದಿದೆ ಎನ್ನುವ ಕಾಗದ. ಮೊದಲನೆಯದಕ್ಕೆ ನಾಲ್ಕು ಪತ್ರ ಬರೆದೆ. ಒಂದಕ್ಕೆ ಉತ್ತರವಿಲ್ಲ, ಇನ್ನೊಂದಕ್ಕೆ ಹಳೆಯ ಕಡತ ವಿಲೇವಾರಿಯಾಗಿದೆ ಎಂಬ ಉತ್ತರ, ಮೂರನೆಯದು ವಿಳಾಸ ತಪ್ಪಿ ತಿರುಗಿ ಬಂತು. ನಾಲ್ಕನೆಯದನ್ನು ಆತ ಮಲಗಿದ್ದ ಆಸ್ಪತ್ರೆಗೇ ನೇರವಾಗಿ ಬರೆದಿದ್ದೆ. ಅಲ್ಲಿಯ ಪುಣ್ಯಾತ್ಮನೊಬ್ಬ ದಾಖಲಾತಿ ಪುಸ್ತಕದ ಒಂದು ಸಾಲನ್ನು ನಕಲು ಮಾಡಿ ಕಳಿಸಿದ: ವಾಹನ ಅಪಘಾತ, ಕರ್ತವ್ಯದ ಮೇಲೆ, ಎಡಗಿವಿಯ ಮೇಲ್ಭಾಗದಲ್ಲಿ ತಲೆಗೆ ಗಾಯ. ಅಂದು ನಾನು ಹಿಗ್ಗಿ ಓಣಿಯವರಿಗೆಲ್ಲ ಚಹಾ ಹೇಳಿದೆ.

ಎರಡನೆಯ ಭಾಗ ಮುಂದೆ ಸರಿಯಲೇ ಇಲ್ಲ. ಯಾವ ಡಾಕ್ಟರ ಹತ್ತಿರ ಹೋಗುತ್ತಿದ್ದಿ ಎಂದರೆ, ಎಲ್ಲಿಯೂ ಹೋಗಿಲ್ಲ ಎನ್ನುತ್ತಿದ್ದ. ಗುಳಿಗೆ? ತಗೊಂಡಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಎರಡೂ ಕಡೆ ಆಸ್ಪತ್ರೆಯ ಹೊರರೋಗಿಗಳ ಪುಸ್ತಕ ತೆಗೆಸಿ ನೋಡಿದೆ, ಆತನ ಹೆಸರು ಎಲ್ಲಿಯೂ ಇರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಹನ್ನೊಂದು ವರ್ಷ ಫಿಟ್ಸ್ ಬಂದರೂ ಒಂದು ಗುಳಿಗೆ ತಿನ್ನದವನ ಪರವಾಗಿ ನಾನೇನು ಬರೆಯಲಿ ಎಂದು ರೇಗಿದೆ. 

ಹಾಗೆ ರೇಗಿದ ದಿನವೇ ನಮ್ಮ ಕೋಣೆಯಲ್ಲಿ ಆತನಿಗೆ ಫಿಟ್ಸ್ ಬಂತು. ಮೊದಲು ಬಲಗೈಯ ಬೆರಳುಗಳು ತಾವಾಗಿಯೇ ಅದುರಿದವು, ಆಮೇಲೆ ತೋಳು, ಆಮೇಲೆ ಇಡೀ ಮೈ. ನಾನು ಗಾಬರಿಯಾಗಿ ಕೈಯಲ್ಲಿ ಹಿಡಿಸಲು ಬೀಗದ ಕೈ ಹುಡುಕಿದೆ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಆತನ ಹೆಂಡತಿ ಕೀಲಿ ಬೇಡವೆಂದು ತಲೆಯಲ್ಲಾಡಿಸಿ, ಗಂಡನನ್ನು ಮಗ್ಗುಲಿಗೆ ಹೊರಳಿಸಿ, ಗೋಡೆಯ ಗಡಿಯಾರ ನೋಡುತ್ತ ಕುಳಿತಳು. ಎಷ್ಟು ನಿಮಿಷವೆಂದು ಎಣಿಸುತ್ತಿದ್ದಳು. ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ನನಗೆ ಆಗ ಹೊಳೆಯಿತು. ಡಾಕ್ಟರನ್ನೇ ಕಾಣದ ಮನೆಯ ಹೆಂಗಸು ಗಡಿಯಾರ ನೋಡುವುದಿಲ್ಲ.

ಆತ ಮಂಪರಿನಲ್ಲಿ ಮಲಗಿದ ಮೇಲೆ ಆಕೆಯನ್ನು ನೇರವಾಗಿ ಕೇಳಿದೆ. ಆಕೆ ಗಂಡನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಚೀಟಿ ಅದಾವ್ರಿ ಅಣ್ಣಾರ, ಒಂದ ಡಬ್ಬಿ ತುಂಬ ಅದಾವು. ಆದ್ರ ಹೆಸರು ಇವ್ರದಲ್ರಿ, ನಮ್ಮ ಮೈದುನಂದು."

ಆಮೇಲೆ ಒಂದೊಂದಾಗಿ ಹೇಳಿದಳು. ಆತ ಸೈನ್ಯದಿಂದ ಬಂದಾಗ ಮನೆಯಲ್ಲಿ ಇಬ್ಬರು ತಂಗಿಯರ ಮದುವೆ ಬಾಕಿ ಇತ್ತು. ಮಿಲ್ಟ್ರಿಯವನೆಂದು ಆತನ ಹೆಸರು ಪ್ಯಾಟಿಗೆಲ್ಲ ಗೊತ್ತು. ಆ ಹೆಸರಿನ ಮುಂದೆ ಫಿಟ್ಸ್ ಎಂದು ಎಲ್ಲಿಯಾದರೂ ಬರೆದದ್ದು ಒಬ್ಬರ ಕಣ್ಣಿಗೆ ಬಿದ್ದರೂ ತಂಗಿಯರನ್ನು ಯಾರೂ ಕೇಳುವುದಿಲ್ಲ. ಹಿರಿಯರೆಲ್ಲ ಕೂಡಿ ಉಪಾಯ ಮಾಡಿದರು. ತಮ್ಮನಿಗೆ ಆಗಲೇ ಮದುವೆಯಾಗಿ ಎರಡು ಮಕ್ಕಳಿದ್ದವು. ಮದುವೆಯಾದವನ ಹೆಸರಿಗೆ ಬೇನೆ ಅಂಟಿದರೆ ಏನೂ ಕೆಡುವುದಿಲ್ಲ. ಬಳಗದವರು ಯಾರೂ ಇಲ್ಲದ ಊರೆಂದು ಮುಂಡರಗಿಯ ಡಾಕ್ಟರನ್ನು ಆರಿಸಿದರು. ಅಲ್ಲಿ ಹೋಗಿ ತಮ್ಮನ ಹೆಸರು, ತಮ್ಮನ ವಯಸ್ಸು ಹೇಳಿ ಗುಳಿಗೆ ತಂದರು. ತಂಗಿಯರ ಮದುವೆಯಾಯಿತು. ಆಮೇಲೆ ಬದಲಿಸೋಣ ಎನ್ನುವಷ್ಟರಲ್ಲಿ ಇವರದೇ ಮಗಳು ದೊಡ್ಡವಳಾಗಿದ್ದಳು. ಈಗ ಅವಳಿಗೂ ಶಿರಹಟ್ಟಿಯ ಮನೆತನವೊಂದರ ಜೊತೆ ಮಂಗನಿ, ಅಂದರೆ ನಿಶ್ಚಯ, ಆಗಿ, ನಿಕಾಹಿಗೆ ದಿನ ನೋಡುತ್ತಿದ್ದರು.

ಮರುದಿನ ಆಕೆ ಬಿಸ್ಕತ್ತಿನ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಹನ್ನೊಂದು ವರ್ಷದ ಚೀಟಿಗಳನ್ನು ಸುತಳಿಯಿಂದ ವರ್ಷಕ್ಕೊಂದು ಕಟ್ಟಿನಂತೆ ಕಟ್ಟಿದ್ದಳು. ನನ್ನ ಸರ್ವೀಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಕಡತವನ್ನು ನಾನು ನೋಡಿದ್ದು ಕಡಿಮೆ. ಆದರೆ ಅಷ್ಟರ ಮೇಲೂ ಬೇರೊಬ್ಬನ ಹೆಸರು.

ಇಲ್ಲಿ ನನ್ನ ಪಾಲಿನ ತಪ್ಪನ್ನು ಹೇಳಲೇಬೇಕು. ಗುಮಾಸ್ತನ ಕೈಗೆ ಬ್ಲೇಡು ಹೊಸದಲ್ಲ. ಟೈಪಿನಲ್ಲಿ ತಪ್ಪಿದ್ದನ್ನು ನಯವಾಗಿ ಕೆರೆದು ಮೇಲೆ ಸರಿಯಾದದ್ದನ್ನು ಹೊಡೆಯುವುದು ನಮ್ಮ ಕಸುಬಿನ ಮೊದಲ ಪಾಠ. ಮನೆಯ ಹೆಸರು ಒಂದೇ, ಅಪ್ಪನ ಹೆಸರು ಒಂದೇ, ಬದಲಾಗಬೇಕಾದದ್ದು ನಡುವಿನ ಒಂದು ಹೆಸರು ಮಾತ್ರ. ಎಲ್ಲಕ್ಕಿಂತ ಮೇಲಿದ್ದ ಚೀಟಿಯನ್ನು ತೆಗೆದುಕೊಂಡು ಬಾಗಿಲು ಮುಂದೆ ಮಾಡಿ ಕೆರೆದೆ. ಕಾಗದ ಹಳೆಯದು, ಮಸಿ ಒಳಗಿಳಿದಿತ್ತು, ಸಣ್ಣದೊಂದು ತೂತೇ ಬಿತ್ತು. ಆಗ ತಾರೀಖು ನೋಡಿದೆ. ಅದು ಆತ ಸೈನ್ಯ ಬಿಟ್ಟ ಮೂರನೆಯ ತಿಂಗಳ ಚೀಟಿ, ಇಡೀ ಡಬ್ಬಿಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿರಲಿಲ್ಲ. ಒಂದು ಚೀಟಿ ಕೆರೆದದ್ದೆಂದು ಗೊತ್ತಾದರೆ ಉಳಿದ ಚೀಟಿಗಳನ್ನು ಯಾರು ನಂಬುತ್ತಾರೆ? ನನ್ನ ಮೇಲೆ ನನಗೇ ಅಸಹ್ಯವಾಯಿತು. 

ಡಬ್ಬಿ ಹೊತ್ತು ಮುಂಡರಗಿಗೆ ಹೋದೆ. ಡಾಕ್ಟರು ವಯಸ್ಸಾದವರು, ತಮ್ಮ ರೋಗಿಗಳ ಎಲ್ಲ ವಿವರವನ್ನು ಉದ್ದನೆಯ ರಿಜಿಸ್ಟರಿನಲ್ಲಿ ತಾವೇ ಬರೆದಿಡುವವರು. ಇಡೀ ಕಥೆಯನ್ನು ಕೇಳಿ ಅವರು ಸಿಟ್ಟಾಗಲಿಲ್ಲ, ಕಪಾಟಿನಿಂದ ಹನ್ನೊಂದು ವರ್ಷದ ಹಿಂದಿನ ರಿಜಿಸ್ಟರು ತೆಗೆದರು. ಮೊದಲ ಭೇಟಿಯ ದಿನ ಬರೆದದ್ದು ಅಲ್ಲಿತ್ತು: ಲಾರಿ ಉರುಳಿ ತಲೆಗೆ ಪೆಟ್ಟಾದ ಇತಿಹಾಸ, ಎಡಗಿವಿಯ ಮೇಲೆ ನಾಲ್ಕು ಬೆರಳಷ್ಟು ಉದ್ದದ ಹೊಲಿಗೆಯ ಗುರುತು, ಫಿಟ್ಸ್ ಪ್ರತಿ ಸಲವೂ ಬಲಗೈಯಿಂದ ಶುರು.

"ಇಲ್ಲಿ ನೋಡ್ರಿ," ಎಂದು ಅವರು ಆ ಸಾಲಿನ ಮೇಲೆ ಬೆರಳಿಟ್ಟರು. "ಹುಟ್ಟಿನಿಂದ ಬರೋ ಫಿಟ್ಸ್ ಬಹಳ ಮಾಡಿ ಒಮ್ಮೆಲೇ ಮೈತುಂಬ ಬರತೈತಿ. ಇದು ಬಲಗೈಯಿಂದ ಸುರು ಆಗತೈತಿ, ಪೆಟ್ಟು ಬಿದ್ದದ್ದು ತಲಿಯ ಎಡಕ್ಕ. ಎಡಕ್ಕ ಪೆಟ್ಟಾದ್ರ ಬಲಕ್ಕ ಕಾಣತೈತಿ. ಇದಕ್ಕಿಂತ ಸಾಕ್ಷಿ ಏನ್ ಬೇಕ್ರಿ?"

ಹಾಗಾದರೆ ಸರಿಯಾದ ಹೆಸರಿನಲ್ಲಿ ಹೊಸದಾಗಿ ಒಂದು ಸರ್ಟಿಫಿಕೇಟು ಬರೆದುಕೊಡಿ ಎಂದು ಕೇಳಿದೆ. ಬರೆದದ್ದನ್ನು ತಿದ್ದುವುದಿಲ್ಲ, ಅದರ ಕೆಳಗೆ ಇನ್ನೊಂದು ಮಾತು ಬರೆಯುತ್ತೇನೆ ಎಂದರು. ಅಣ್ಣ ತಮ್ಮ ಇಬ್ಬರೂ ತಮ್ಮೆದುರು ಬಂದು ನಿಲ್ಲಬೇಕು. ಗುರುತು ಯಾರ ತಲೆಯ ಮೇಲಿದೆ, ಯಾರ ತಲೆಯ ಮೇಲಿಲ್ಲ ಎಂಬುದನ್ನು ಬರೆಯುತ್ತಾರೆ. ಇಬ್ಬರೂ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಕೊಡಬೇಕು. ಆಮೇಲೆ ಚೀಟಿಗಳನ್ನು ತಿರುವಿಹಾಕುತ್ತ ಮೊದಲನೆಯದನ್ನು ಬೆಳಕಿಗೆ ಹಿಡಿದು, ಇದನ್ನು ಕೆರೆದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ಚೀಟಿಯನ್ನು ಹಾಗೇ ಕಟ್ಟಿನ ಮೇಲೆ ಇಟ್ಟು ಮುಂದಿನ ರೋಗಿಯನ್ನು ಕರೆದರು.

ಪ್ರಮಾಣಪತ್ರದ ಮಾತು ಎತ್ತಿದ್ದೇ ತಡ, ಹೆಂಡತಿ ಒಲ್ಲೆನೆಂದಳು. ಕಾಗದ ಟೈಪಾಗಿ, ನೋಟರಿಯ ಕೈ ದಾಟಿ, ಸಾಕ್ಷಿದಾರರ ರುಜು ಬೀಳುವಷ್ಟರಲ್ಲಿ ಮಾತು ಶಿರಹಟ್ಟಿ ಮುಟ್ಟುತ್ತದೆ. ನಿಕಾಹ್ ಮುಗಿಯಲಿ, ಆಮೇಲೆ ಏನು ಬೇಕಾದರೂ ಬರೆಯಿರಿ ಎಂದಳು. ಗಡುವು ಮುಗಿಯಲು ಐದು ವಾರವಿತ್ತು, ನಿಕಾಹ್ ಇನ್ನೂ ಮೂರು ತಿಂಗಳ ಮೇಲಿತ್ತು. ಗಡುವು ಮೀರಿದರೆ ಕ್ಷಮಾಪಣೆ ಬೇಡಿ ನೋಡಬಹುದು ಎಂದು ನಾನೂ ಒಪ್ಪಿಬಿಟ್ಟೆ. ಖರೆ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಆ ಕೆರೆದ ಚೀಟಿಯನ್ನು ಮೂರು ತಿಂಗಳ ಮಟ್ಟಿಗೆ ಯಾರಿಗೂ ತೋರಿಸಬೇಕಾಗಿರಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಮಗಳು ಒಬ್ಬಳೇ ಬೆಟಗೇರಿಗೆ ಬಂದಳು. ಹತ್ತೊಂಬತ್ತರ ಹುಡುಗಿ, ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಸುತ್ತಲಿನ ಮಗ್ಗದ ಸದ್ದಿನಲ್ಲಿ ಅವಳ ಮಾತು ಕೇಳಿಸದೆ ನಾನು ಕುರ್ಚಿ ಹತ್ತಿರ ಸರಿಸಿಕೊಳ್ಳಬೇಕಾಯಿತು. ಮೊದಲು ಸೈನ್ಯದ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿರೆಂದಳು. ಹೇಳಿದೆ. ವಂಶ ಎನ್ನುವ ಮಾತು ಬಂದಲ್ಲಿ ನಿಲ್ಲಿಸಿ, ಮತ್ತೊಮ್ಮೆ ಹೇಳಿಸಿದಳು.

"ಕಾಕಾರ, ಅಂದ್ರ ಇದು ನನ್ನ ರಕ್ತದಾಗೂ ಐತಿ ಅಂತ ಸರಕಾರನ ಬರದಂಗಾತಲ್ರಿ. ನಿಕಾಹ್ ಆದ ಮ್ಯಾಲ ಅವ್ರಿಗೆ ಗೊತ್ತಾದ್ರ ನಾ ಅಲ್ಲೇ ಇದ್ದು ಕೇಳಬೇಕು. ನನಗೊಂದು ಕೂಸು ಆಗಿ, ಅದಕ್ಕ ಜ್ವರಾ ಬಂದು ಮೈ ನಡುಗಿದ್ರೂ ನನ್ನ ಮಾರಿ ನೋಡತಾರ. ಇದನ್ನ ಹೊಡದು ಹಾಕೂದು ಮೊದಲ ಆಗಬೇಕು. ನೀವು ಬರೀರಿ, ಅಮ್ಮೀಗೆ ನಾ ಹೇಳತೀನಿ."

 ಅಷ್ಟು ದಿನ ನಾನು ಆತನ ಪಿಂಚಣಿಯ ಕಾಗದ ಕೂಡಿಸುತ್ತಿದ್ದೇನೆಂದು ತಿಳಿದಿದ್ದೆ. ಆ ಪತ್ರ ಇವಳ ಮೇಲೂ ತೀರ್ಪು ಕೊಟ್ಟಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಡ್ರಾವರಿನಿಂದ ಕೆರೆದ ಚೀಟಿ ತೆಗೆದು ಅವಳಿಗೆ ತೋರಿಸಿ, ನಾನು ಮಾಡಿದ್ದನ್ನು ಹೇಳಿದೆ. ಹಾಗಾದರೆ ನೀವೂ ಒಂದು ಬರೆದುಕೊಡಿರಿ ಎಂದು, ಹೊಲಿಗೆಯ ಅಳತೆ ಹೇಳಿದಷ್ಟು ಸಹಜವಾಗಿ ಹೇಳಿದಳು.

ಬರೆದೆ. ಅಣ್ಣ ತಮ್ಮಂದಿರ ಪ್ರಮಾಣಪತ್ರಗಳ ಜೊತೆಗೆ ನನ್ನದೂ ಒಂದು: ಈ ಮೊದಲ ಚೀಟಿಯ ಮೇಲಿನ ಹೆಸರನ್ನು ಕೆರೆದವನು ನಾನು, ಅರ್ಜಿದಾರನಿಗಾಗಲಿ ಅವನ ಮನೆಯವರಿಗಾಗಲಿ ಇದರಲ್ಲಿ ಕೈಯಿಲ್ಲ, ಮೂಲ ವಿವರ ಡಾಕ್ಟರ ರಿಜಿಸ್ಟರಿನಲ್ಲಿದೆ. ನಮ್ಮ ಸಂಘದವರು ಹುಚ್ಚು ಹಿಡಿಯಿತೇನು, ಆ ಚೀಟಿಯನ್ನು ತೆಗೆದಿಟ್ಟರೆ ಸಾಕಲ್ಲವೇ ಎಂದರು. ಅದರ ಮುಂದಿನ ಚೀಟಿ ಒಂಬತ್ತು ತಿಂಗಳ ಮೇಲಿನದು; ಇದನ್ನು ತೆಗೆದಿಟ್ಟರೆ ಹನ್ನೊಂದು ವರ್ಷದ ಲೆಕ್ಕ ಅಷ್ಟು ತಡವಾಗಿ ಶುರುವಾಗುತ್ತಿತ್ತು, ರಿಜಿಸ್ಟರಿಗೂ ಚೀಟಿಗೂ ತಾಳೆಯಾಗುತ್ತಿರಲಿಲ್ಲ. ಅದೂ ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ಅವರಿಗೆ ಹೇಳಲಿಲ್ಲ. ಇಡೀ ಮನೆ ಮುಚ್ಚಿಟ್ಟದ್ದನ್ನು ಬಿಚ್ಚಿ ಹೇಳುವಾಗ ನಾನೊಬ್ಬ ಡ್ರಾವರು ಮುಚ್ಚಿಕೊಂಡು ಕೂಡ್ರುವುದು ನನ್ನಿಂದಾಗಲಿಲ್ಲ.

ಮುಂಡರಗಿಯ ಡಾಕ್ಟರು ಅಣ್ಣ ತಮ್ಮ ಇಬ್ಬರ ತಲೆಗೂದಲನ್ನೂ ಸರಿಸಿ ನೋಡಿ, ರಿಜಿಸ್ಟರಿನ ನಕಲಿನ ಕೆಳಗೆ ತಮ್ಮ ಮಾತು ಬರೆದು ಮುದ್ರೆ ಒತ್ತಿದರು. ಗಡುವಿಗೆ ಎಂಟು ದಿನ ಮೊದಲು ಗದಗದ ಅಂಚೆ ಕಚೇರಿಯಿಂದ ಲಕೋಟೆ ರಿಜಿಸ್ಟರ್ ಮಾಡಿದೆ.

ಆ ವಾರವೇ ಮಗಳ ಹಟಕ್ಕೆ ಅಣ್ಣ ತಮ್ಮ ಶಿರಹಟ್ಟಿಗೆ ಹೋಗಿ, ಬೇರೆಯವರ ಬಾಯಿಂದ ಕೇಳುವ ಮೊದಲು ತಾವೇ ಹೇಳಿದರು. ಬೀಗರು ಎಲ್ಲವನ್ನೂ ಕೇಳಿ ಚಹಾ ಕೊಟ್ಟು, ಸೈನ್ಯದವರು ಏನೆಂದು ಬರೆದಿದ್ದಾರೆ ಎಂದಷ್ಟೇ ಕೇಳಿದರಂತೆ. ಸುಳ್ಳು ಹೇಳಿ ಸಾಕಾಗಿದ್ದ ಆತ, ವಂಶದ್ದೆಂದು ಬರೆದಿದ್ದಾರೆ, ಅದನ್ನು ತೆಗೆಸಲು ಅರ್ಜಿ ಹಾಕಿದ್ದೇವೆ ಎಂದ. ಎಂಟು ದಿನಕ್ಕೆ ಮಂಗನಿಯ ಬಟ್ಟೆ, ಉಂಗುರ ತಿರುಗಿ ಬಂದವು. ಆತನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದೇ. ಆ ಡಬ್ಬಿಯನ್ನು ಹೊರಗೆ ತರಿಸಿದವನು ನಾನು.

ಮಂಡಳಿಯ ಕರೆ ಬರುವಷ್ಟರಲ್ಲಿ ಮತ್ತೊಂದು ಮಳೆಗಾಲ ಕಳೆದಿತ್ತು. ದೂರದ ಸೇನಾ ಆಸ್ಪತ್ರೆಗೆ ಗಂಡ ಹೆಂಡತಿಯ ಜೊತೆ ನಾನೂ ಹೋದೆ. ಮೊಗಸಾಲೆಯಲ್ಲಿ ಜವಾನನೊಬ್ಬ ಬಂದು ಆತನ ಹೆಸರು ಕೂಗಿದ. ಆತ ಏಳಲಿಲ್ಲ. ಇನ್ನೊಮ್ಮೆ ಕೂಗಿದರೂ ಎದುರಿನ ಗೋಡೆ ನೋಡುತ್ತ ಕುಳಿತಿದ್ದ. ಹೆಂಡತಿ ಮೊಳಕೈಯಿಂದ ತಿವಿದ ಮೇಲೆ ಗಡಬಡಿಸಿ ಎದ್ದ. ಕಾಗದ ತೋರಿಸಲು ಬೇಕಾಗಬಹುದೆಂದು ನನ್ನನ್ನೂ ಒಳಗೆ ಬಿಟ್ಟರು.

ಮೇಜಿನ ಹಿಂದೆ ಮೂವರು ಅಧಿಕಾರಿಗಳಿದ್ದರು. ನಡುವಿನ ಕರ್ನಲ್ ಕಡತ ತೆರೆದು, ತಲೆ ಎತ್ತದೆಯೇ ಹಿಂದಿಯಲ್ಲಿ ಹೆಸರು ಕೇಳಿದರು. ಡಾಕ್ಟರ ಮುಂದೆ ಕುಳಿತಾಗ ಹನ್ನೊಂದು ವರ್ಷ ಹೇಳುತ್ತ ಬಂದದ್ದನ್ನೇ ಆತ ಹೇಳಿದ. ತಮ್ಮನ ಹೆಸರು.

ಕರ್ನಲ್ ಪೆನ್ನು ನಿಲ್ಲಿಸಿ ತಲೆ ಎತ್ತಿದರು.  ಇಷ್ಟು ದೂರ ಬಂದು, ಇವನು ಬೇರೆಯವನೆಂದು ಮಂಡಳಿಯವರ ಮುಂದೆ ತಾನೇ ಹೇಳಿದಂತಾಗಿತ್ತು. ತಾನು ಹೇಳಿದ್ದು ಆತನ ಕಿವಿಗೆ ಆಗ ಬಿದ್ದಿರಬೇಕು, ಮುಖ ಸುಟ್ಟ ಹಾಗಾಯಿತು. ಕೈ ಜೋಡಿಸಿದ. ಹಿಂದಿಯಲ್ಲಿ ಆತ ಹೇಳಿದ್ದರ ಅರ್ಥ ಇಷ್ಟು: "ಸಾಹೇಬ, ಅದು ನನ್ನ ತಮ್ಮನ ಹೆಸರು. ಇಷ್ಟು ವರ್ಷ ನನ್ನ ಬೇನೆಯನ್ನು ಅವನೇ ಹೊತ್ತಿದ್ದಾನೆ. ಡಾಕ್ಟರ ಮುಂದೆ ನನ್ನ ಹೆಸರು ಹೇಳುವುದೇ ಮರೆತುಹೋಗಿದೆ."

 ಕರ್ನಲ್ ಪ್ರಮಾಣಪತ್ರಗಳನ್ನು ಮೊದಲಿನಿಂದ ಮತ್ತೆ ಓದಿದರು. ಎದ್ದು ಬಂದು ಆತನ ಕೂದಲು ಸರಿಸಿ, ಗಾಯದ ಗುರುತಿಗೆ ಟೇಪು ಹಿಡಿದು, ರಿಜಿಸ್ಟರಿನ ನಕಲು ನೋಡಿದರು. ಬಲಗೈ ಚಾಚಿಸಿ, ಬೆರಳು ಮಡಿಸಿ ಬಿಡಿಸಿ ಪರೀಕ್ಷಿಸಿದರು. ಕೊನೆಗೆ ಕೆರೆದ ಚೀಟಿ ಹಿಡಿದು, ಇದು ನೀನು ಮಾಡಿದ್ದೋ ಎಂದು ನನ್ನನ್ನು ಕೇಳಿದರು. ಹೌದು ಸಾರ್ ಎಂದೆ. ಎಷ್ಟು ವರ್ಷ ಸರ್ವೀಸು? ಇಪ್ಪತ್ತನಾಲ್ಕು ಎಂದೆ. ಅವರು ಚೀಟಿಯನ್ನು ಕಡತಕ್ಕೆ ಸೇರಿಸಿದರು, ಬೇರೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ನಾಲ್ಕು ತಿಂಗಳಿಗೆ ಪತ್ರ ಬಂತು. ಈ ಸಲ ನಾನೇ ಲಕ್ಷ್ಮೇಶ್ವರಕ್ಕೆ ಒಯ್ದೆ. ರೋಗ ಕರ್ತವ್ಯದ ವೇಳೆ ತಲೆಗಾದ ಪೆಟ್ಟಿನಿಂದ ಉಂಟಾದದ್ದು, ವಂಶದ್ದೆಂಬ ಹಿಂದಿನ ಅಭಿಪ್ರಾಯವನ್ನು ರದ್ದುಪಡಿಸಲಾಗಿದೆ ಎಂದಿತ್ತು. ಆತ ಪತ್ರವನ್ನು ಮುಟ್ಟಿ ನೋಡಿ ಹೆಂಡತಿಯ ಕೈಗೆ ಕೊಟ್ಟ. ಆಕೆ ಅಷ್ಟು ತಿಂಗಳ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿ, ಚಹಾ ಕುಡಿದು ಹೋಗಿರಿ ಎಂದಳು. ಶಿರಹಟ್ಟಿಯ ಹುಡುಗನಿಗೆ ಬೇರೆ ಕಡೆ ನಿಕಾಹ್ ಆಗಿ ಆಗಲೇ ಎರಡು ತಿಂಗಳಾಗಿತ್ತು.

ಮಗಳು ಪತ್ರದ ಝೆರಾಕ್ಸ್ ಪ್ರತಿಯೊಂದನ್ನು ಮುಂದಿಟ್ಟು, ವಂಶದ್ದಲ್ಲವೆಂಬ ಸಾಲನ್ನು ಕೆಳಗೆ ಕನ್ನಡದಲ್ಲಿ ಬರೆದು ರುಜು ಹಾಕಿಕೊಡಿರಿ ಎಂದಳು. ಯಾರಿಗೆಂದು ನಾನು ಕೇಳಲಿಲ್ಲ. ಕೆಲವು ದಿನದ ಮೇಲೆ ಪಿಂಚಣಿಯ ಇನ್ನೊಂದು ಫಾರ್ಮಿಗಾಗಿ ಬೆಟಗೇರಿಗೆ ಬಂದಾಗ ತಾನಾಗಿಯೇ ಹೇಳಿದಳು. ಶಿರಹಟ್ಟಿಗೆ ಒಬ್ಬಳೇ ಹೋಗಿದ್ದಳಂತೆ. ಹುಡುಗನ ತಾಯಿ ಬಾಗಿಲಿಗೆ ಬಂದರಂತೆ, ಒಳಗಿನಿಂದ ಹೊಸ ಸೊಸೆ ನೀರು ತಂದುಕೊಟ್ಟಳಂತೆ. ನೀರು ಕುಡಿದು ಕಾಗದ ಅವರ ಕೈಗೆ ಕೊಟ್ಟಳಂತೆ.

ಅವರು ಏನೆಂದರು ಎಂದು ಕೇಳಿದೆ.

"ಅವ್ರಿಗೆ ಓದಾಕ ಬರಂಗಿಲ್ರಿ ಕಾಕಾರ. ಮ್ಯಾಲಿನ ಸಾಲಿನ ಮ್ಯಾಲ ಬೆರಳ ಇಟ್ಟು, ಇಲ್ಲೇನ ಬರದೈತಿ ಅಂತ ಕೇಳಿದ್ರು. ನಮ್ಮ ಅಬ್ಬಾನ ಹೆಸರು ಅಂದ್ನಿ."